ಕೈಯಿಂದ ಮಾಡಿದ ಲಗ್ನಪತ್ರಿಕೆ ಯಾರ ಮನೆಗೆ ಹೋಗಬೇಕು?

ಪ್ರಶ್ನೆ: ನಾನು ಶಿಡ್ಲಘಟ್ಟದವಳು, ವಯಸ್ಸು 27, ಶಾಲಾ ಶಿಕ್ಷಕಿ. ಇನ್ನು ಮೂರು ತಿಂಗಳಿಗೆ ನನ್ನ ಮದುವೆ. ಚಿಕ್ಕಂದಿನಿಂದ ಚಿತ್ರ ಬರೆಯುವ ಅಭ್ಯಾಸವಿರುವುದರಿಂದ ಲಗ್ನಪತ್ರಿಕೆಗಳನ್ನು ನಾನೇ ಕೈಯಾರೆ ಮಾಡಬೇಕೆಂಬ ಆಸೆ. ತುಮಕೂರಿನ ಹುಡುಗನ ಮನೆಯವರು ಸಂತೋಷದಿಂದ ಒಪ್ಪಿದ್ದಾರೆ. ಅಪ್ಪ ಮಾತ್ರ ವಿಷಯ ಕೇಳಿದ ದಿನದಿಂದ ಮುಖ ಕೊಟ್ಟು ಮಾತನಾಡುತ್ತಿಲ್ಲ. ಅವರದು ರೇಷ್ಮೆ ನೂಲು ಬಿಚ್ಚುವ ಕಸುಬು. ಎರಡು ವರ್ಷಗಳಿಂದ ನಷ್ಟ. "ಪತ್ರಿಕೆ ಅಚ್ಚು ಹಾಕಿಸೋಕೂ ಗತಿಯಿಲ್ಲ ಅಂತ ನೆಂಟರು ಆಡಿಕೊಳ್ಳಲ್ವಾ?" ಎಂದು ಅಮ್ಮನ ಹತ್ತಿರ ಹೇಳಿದರಂತೆ. ಕರೆಯಬೇಕಾದ ಮನೆಗಳು ಐನೂರು. ಆಸೆ ಬಿಡಲೇ, ಹಟ ಹಿಡಿಯಲೇ?

ಉತ್ತರ: ಸಹೋದರಿ, ನಿಮ್ಮ ತಂದೆಯವರ ಆ ಒಂದು ಮಾತನ್ನು ನೀವು ಕಾಗದದ ವಿಷಯವೆಂದು ಓದಿಕೊಂಡಂತಿದೆ, ನನಗದು ಹಣದ ವಿಷಯವಾಗಿ ಕೇಳಿಸುತ್ತದೆ. ಕಸುಬು ಕೈಕೊಟ್ಟಿರುವ ಕಾಲದಲ್ಲಿ ಮಗಳು "ಪತ್ರಿಕೆ ನಾನೇ ಮಾಡಿಕೊಳ್ಳುತ್ತೇನೆ" ಎಂದರೆ, ತನ್ನ ಕಷ್ಟ ನೋಡಲಾರದೆ ಆಕೆ ಖರ್ಚು ಉಳಿಸುತ್ತಿದ್ದಾಳೆ ಎಂದೇ ತಂದೆಗೆ ತೋರುತ್ತದೆ. ಆದ್ದರಿಂದ ಮೊದಲು, ಇದು ದುಡ್ಡು ಉಳಿಸುವ ಲೆಕ್ಕವಲ್ಲವೆಂದು ಅಮ್ಮನ ಮೂಲಕವಲ್ಲದೆ ನೀವೇ ಎದುರು ಕೂತು ಹೇಳಬೇಕು. ಒಳ್ಳೆಯ ಕೈಕಾಗದ, ಲಕೋಟೆ, ಶಾಯಿ, ನಿಮ್ಮ ಶ್ರಮ ಎಲ್ಲ ಸೇರಿಸಿದರೆ ಇದು ಅಂಗಡಿಯ ಸಾಧಾರಣ ಪತ್ರಿಕೆಗಿಂತ ಅಗ್ಗವೂ ಆಗುವುದಿಲ್ಲ.

ಕೈಬರಹದ ಪತ್ರಿಕೆ ಶಾಸ್ತ್ರಕ್ಕೆ ಹೊರಗಿನದೆಂದು ಯಾರಾದರೂ ಅಂದರೆ ಅದಕ್ಕೂ ಉತ್ತರವಿದೆ. ನಮ್ಮ ಕಡೆ ಲಗ್ನ ಕಟ್ಟಿಸುವ ದಿನ ಎರಡೂ ಕಡೆಯ ಹಿರಿಯರ ಮುಂದೆ ಪುರೋಹಿತರು ಬರೆದುಕೊಡುವ ಮೊದಲ ಪತ್ರಿಕೆ ಕೈಬರಹದ್ದೇ ತಾನೆ? ಅದರ ಮೂಲೆಗಳಿಗೆ ಅರಿಸಿನ ಹಚ್ಚಿ ದೇವರ ಮುಂದೆ ಇಡುತ್ತೇವೆ. ಅಚ್ಚಿನ ಪತ್ರಿಕೆ ಬರುವುದು ಆಮೇಲೆ.

ಆದರೂ ಐನೂರನ್ನೂ ನೀವೇ ಮಾಡಬೇಡಿ. ಕತ್ತರಿಸಿ, ಮಡಚಿ, ಚಿತ್ರ ಬರೆದು, ಅಕ್ಷರ ತುಂಬಲು ಒಂದಕ್ಕೆ ಹದಿನೈದು ನಿಮಿಷವೆಂದು ಹಿಡಿದರೂ 125 ಗಂಟೆಯಾಯಿತು. ಶಾಲೆ ಮುಗಿಸಿ ಬಂದು ದಿನಕ್ಕೆ ಮೂರು ಗಂಟೆ ಕೂತರೆ 42 ದಿನ, ಅದೂ ಜ್ವರ, ನೆಂಟರು, ಸೀರೆ ಆರಿಸುವ ಓಡಾಟ ಯಾವುದೂ ಇಲ್ಲದಿದ್ದರೆ. ಮದುವೆಗೆ ಒಂದು ತಿಂಗಳ ಮುಂಚೆ ಪತ್ರಿಕೆ ಕೈಯಲ್ಲಿಲ್ಲದಿದ್ದರೆ ತಂದೆಯವರು ಮನೆ ಮನೆಗೆ ಹೋಗಿ ಕರೆಯುವುದಾದರೂ ಹೇಗೆ? ಅರವತ್ತು ಮಾಡಿ, ಐದು ಸಂಜೆಗಳಲ್ಲಿ ಮುಗಿಯುತ್ತದೆ. ಉಳಿದವನ್ನು ಅವರು ತಮ್ಮ ಮನಸ್ಸಿಗೆ ಒಪ್ಪುವಂತೆ ಅಂಗಡಿಯಲ್ಲಿ ಆರಿಸಿ ಅಚ್ಚು ಹಾಕಿಸಲಿ, ಆ ಆಯ್ಕೆಯಲ್ಲಿ ನೀವು ತಲೆಹಾಕಬೇಡಿ.

ಇನ್ನು ಆ ಅರವತ್ತು ಯಾರಿಗೆ? ಸ್ನೇಹಿತರಿಗೆ, ಸಹೋದ್ಯೋಗಿಗಳಿಗೆ ಎಂದು ನೀವು ಎಣಿಸಿರಬಹುದು. ನನ್ನ ಅಭಿಪ್ರಾಯ ಬೇರೆ. ಸ್ನೇಹಿತರು ವಾಟ್ಸಾಪ್‌ನಲ್ಲಿ ಕಳಿಸಿದ್ದಕ್ಕೂ ಬರುತ್ತಾರೆ. ಕೈಯಿಂದ ಮಾಡಿದ್ದು ದೊಡ್ಡಪ್ಪ, ಸೋದರತ್ತೆ, ಅಜ್ಜಿಯ ತವರಿನವರು, ಅಂದರೆ ಯಾರ ಮಾತಿಗೆ ನಿಮ್ಮ ತಂದೆ ಅಂಜುತ್ತಿದ್ದಾರೋ ಅವರ ಮನೆಗಳಿಗೇ ಹೋಗಬೇಕು. ಅಂಚೆಯಲ್ಲಿ ಬಂದ ಲಕೋಟೆಯನ್ನು ಹೇಗಾದರೂ ಅರ್ಥ ಮಾಡಿಕೊಳ್ಳಬಹುದು. ಆದರೆ ತಂದೆ ಜಗಲಿಯ ಮೇಲೆ ಕೂತು, ಕುಂಕುಮ ಕೊಟ್ಟು, "ಇದನ್ನ ನಮ್ಮ ಹುಡುಗಿನೇ ಬರೆದಿದ್ದು" ಎಂದು ಕೈಗಿಟ್ಟ ಪತ್ರಿಕೆಯನ್ನು ಬಡತನವೆಂದು ಓದುವವರು ನಮ್ಮ ಸೀಮೆಯಲ್ಲಿ ಕಡಿಮೆ.

ಹಾಗೆ ಹೋಗುವ ಪತ್ರಿಕೆ ಆ ಹಿರಿಯರ ಕಣ್ಣಿಗೆ ಪತ್ರಿಕೆಯಂತೆಯೇ ಕಾಣಬೇಕು. ಮಾಸಲು ಬಿಳಿಯ ಕೈಕಾಗದದ ಮೇಲೆ ಬರಿಯ ಕಪ್ಪು ಅಕ್ಷರ ನಿಮಗೆ ಸೊಗಸೆನಿಸಬಹುದು, ಅವರಿಗೆ ಅದು ವೈಕುಂಠ ಸಮಾರಾಧನೆಯ ಕಾಗದ. ಕೆಂಪು ಅಥವಾ ಕಡುಗೆಂಪು ಶಾಯಿ ಬಳಸಿ, ನಾಲ್ಕು ಮೂಲೆಗೂ ಅರಿಸಿನ ಬೀಳಲಿ. ಕೈಕಾಗದ ನೀರು ಹೀರುವುದರಿಂದ ತೆಳ್ಳಗೆ ಕಲಸಿದ ಅರಿಸಿನ ಅಕ್ಷರದವರೆಗೂ ಹಬ್ಬಿಬಿಡುತ್ತದೆ. ಗಟ್ಟಿಯಾಗಿ ಕಲಸಿ ಬೆರಳ ತುದಿಯಿಂದ ಒತ್ತಿ, ನೆರಳಲ್ಲಿ ಒಣಗಿಸಿ ಆಮೇಲೆ ಮಡಚಿ. ಶಾಯಿಯನ್ನೂ ಮೊದಲು ಚೂರು ಕಾಗದದ ಮೇಲೆ ಎಳೆದು ನೋಡಿ, ಫೌಂಟನ್ ಪೆನ್ನಿನದು ಸಾಮಾನ್ಯವಾಗಿ ಬೇರು ಬಿಟ್ಟಂತೆ ಒಡೆಯುತ್ತದೆ. ದೂರದ ಊರಿಗೆ ಅಂಚೆಯಲ್ಲಿ ಕಳಿಸುವುದಿದ್ದರೆ ತೂಗಿಸಿಯೇ ಅಂಚೆಚೀಟಿ ಹಚ್ಚಿ: 250 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 250 ಗ್ರಾಂ ತೂಗುವ ಕಾಗದದ ಒಂದು ಎ4 ಹಾಳೆಯೇ ಹದಿನೈದು ಗ್ರಾಂ ದಾಟುತ್ತದೆ, ಲಕೋಟೆ ಸೇರಿದರೆ 20 ಗ್ರಾಂ ಮೀರುವುದು ಸುಲಭ. ಚೀಟಿ ಕಡಿಮೆ ಬಿದ್ದರೆ ಪತ್ರಿಕೆ ಪಡೆದವರೇ ದಂಡ ತೆರಬೇಕಾಗುತ್ತದೆ, ಅದಕ್ಕಿಂತ ಮುಜುಗರ ಇನ್ನೊಂದಿಲ್ಲ.

ಒಕ್ಕಣೆಯಲ್ಲಿ ಮಾತ್ರ ಹೊಸತನ ಬೇಡ. ಮೇಲೆ ಮನೆದೇವರ ಹೆಸರು, ಸಂವತ್ಸರ, ಮಾಸ, ತಿಥಿ, ಮುಹೂರ್ತ, ಛತ್ರದ ವಿಳಾಸ, ಕೊನೆಗೆ "ಸುಖಾಗಮನ ಬಯಸುವವರು" ಎಂದು ಬರುವ ಹೆಸರುಗಳ ಸಾಲು, ಇವೆಲ್ಲ ಇರಲಿ. ಆ ಸಾಲು ಚಿತ್ರದ ಅಂದ ಕೆಡಿಸುತ್ತದೆಂದು ಕತ್ತರಿ ಹಾಕುವ ಮನಸ್ಸು ಬರುತ್ತದೆ. ಬಿಟ್ಟುಹೋದ ಒಬ್ಬ ಚಿಕ್ಕಪ್ಪನ ಹೆಸರಿಗಾಗಿ ಹತ್ತು ವರ್ಷ ಮಾತು ಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಮದುವೆ ನೋಂದಣಿಗೆ ಲಗ್ನಪತ್ರಿಕೆಯ ಪ್ರತಿಯನ್ನು ಕೇಳುವುದರಿಂದ ನಿಮ್ಮಿಬ್ಬರ ಹೆಸರುಗಳು ಆಧಾರ್‌ನಲ್ಲಿರುವಂತೆಯೇ ಇರಲಿ. ವಾರ ಮತ್ತು ತಾರೀಕನ್ನು ಬೇರೆ ಯಾರಾದರೂ ಪಂಚಾಂಗ ಹಿಡಿದು ತಾಳೆ ನೋಡಲಿ. ನನ್ನ ತಮ್ಮನ ಮದುವೆಯಲ್ಲಿ ಗುರುವಾರ ಬುಧವಾರವಾಗಿ ಅಚ್ಚಾಗಿ, ಮನೆಮಂದಿಯೆಲ್ಲ ನಡುಮನೆಯಲ್ಲಿ ಕೂತು ನಾನೂರು ಪತ್ರಿಕೆಗಳನ್ನು ಪೆನ್ನಿನಲ್ಲಿ ತಿದ್ದಿದೆವು. ಕೈಬರಹದ ಪತ್ರಿಕೆ ನಮ್ಮ ಮನೆಯಲ್ಲಿ ಆದದ್ದು ಹಾಗೆ.

ಉಳಿದದ್ದು ತಂದೆಯವರನ್ನು ಈ ಕೆಲಸದೊಳಕ್ಕೆ ಕರೆಯುವುದು. ಪತ್ರಿಕೆಯನ್ನು ಸುತ್ತಿ ಕಟ್ಟಲು ಒಂದು ದಾರ ಬೇಕಲ್ಲ, ಅದನ್ನು ಅಂಗಡಿಯಿಂದ ತರಬೇಡಿ, ಅವರನ್ನು ಕೇಳಿ. ಹಸಿ ರೇಷ್ಮೆಯ ಎಳೆಯಲ್ಲಿ ಅಂಟು ಉಳಿದು ಬಿರುಸಾಗಿರುತ್ತದೆ. ಎಷ್ಟು ಎಳೆ ಸೇರಿಸಿ ಹುರಿ ಹಾಕಬೇಕು, ಅಂಟು ತೆಗೆಸಬೇಕೋ ಬೇಡವೋ, ಬಣ್ಣ ಯಾವುದು ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಮಾದರಿಗೆಂದು ಒಂದೇ ಒಂದು ಪತ್ರಿಕೆ ಪೂರ್ತಿ ಮಾಡಿ, ದಾರವೊಂದನ್ನು ಬಿಟ್ಟು, ಸಂಜೆ ಅವರು ಕೆಲಸ ಮುಗಿಸಿ ಕೈಕಾಲು ತೊಳೆದು ಬಂದ ಮೇಲೆ ಮುಂದಿಡಿ. ಮನೆದೇವರ ಮುಂದೆ ಇಡುವ ಮೊದಲ ಪತ್ರಿಕೆ ಅದೇ ಆಗಲಿ, ಗಂಟನ್ನು ಅವರೇ ಹಾಕಲಿ.