ಮೂರೂಕಾಲೋ, ಮೂರೂವರೆಯೋ?

ಒಬ್ಬ ತಾಯಿಯ ಒಪ್ಪಿಗೆ ಪಡೆದು, ಅವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಆ ತಾಯಿ ನನ್ನ ಹತ್ತಿರ ಬಂದಿದ್ದು ಗಣಿತಕ್ಕಾಗಿ ಅಲ್ಲ, ಸಿಟ್ಟಿಗಾಗಿ. ಆರನೇ ತರಗತಿಯ ಮಗಳಿಗೆ ಹೋಂವರ್ಕ್ ಮಾಡಿಸಲು ಕೂತರೆ ಹತ್ತೇ ನಿಮಿಷಕ್ಕೆ ಕೂಗಾಡುತ್ತಿದ್ದರು. ಆಮೇಲೆ ಒಬ್ಬರೇ ಅಳುತ್ತಿದ್ದರು. ಕೊನೆಯ ಸಲ ಯಾವ ಲೆಕ್ಕಕ್ಕೆ ಸಿಟ್ಟು ಬಂತು ಎಂದು ಕೇಳಿದೆ. ಭಿನ್ನರಾಶಿಯ ಭಾಗಾಕಾರ.

"ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸು ಅಂದೆ ಮೇಡಂ. ಯಾಕಮ್ಮಾ ಅಂದಳು. ನನಗೇ ಗೊತ್ತಿರಲಿಲ್ಲ. ಕೂಗಿಬಿಟ್ಟೆ."

ಚಿಕ್ಕವರಿದ್ದಾಗ ಇವರನ್ನು ಬೋರ್ಡಿನ ಮುಂದೆ ನಿಲ್ಲಿಸಿದ್ದರು, ಇಡೀ ತರಗತಿ ನಕ್ಕಿತ್ತು. ಆ ಹೆದರಿಕೆ ಹೋಗಿಯೇ ಇರಲಿಲ್ಲ. ಲೆಕ್ಕ ಮಾಡುವಾಗ ಅಂಕಿಗಳನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕಲ್ವಾ? ಗಾಬರಿಯಾದರೆ ಆ ಜಾಗವನ್ನು ಗಾಬರಿಯೇ ತುಂಬಿಕೊಳ್ಳುತ್ತದೆ. ಗೊತ್ತಿದ್ದದ್ದೂ ಕೈಕೊಡುತ್ತದೆ. ಎಷ್ಟೋ ಜನ ಇದನ್ನೇ ತಮ್ಮ ದಡ್ಡತನ ಎಂದು ನಂಬಿ ಬದುಕುತ್ತಾರೆ. ಅದು ನನಗೆ ತುಂಬಾ ನೋವು ಕೊಡುವ ವಿಷಯ.

ಸದ್ಯಕ್ಕೆ ಮಗಳ ಗಣಿತದ ಹೋಂವರ್ಕ್‌ಗೆ ಕೂರಬೇಡಿ ಎಂದೆ. ಅವರಿಗೆ ಆಶ್ಚರ್ಯವಾಯಿತು. 2015ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಒಂದು, ಎರಡನೇ ತರಗತಿಯ ಮಕ್ಕಳನ್ನು ಗಮನಿಸಿತ್ತು. ಗಣಿತದ ಭಯವಿರುವ ಹೆತ್ತವರು ಪದೇ ಪದೇ ಹೋಂವರ್ಕ್‌ಗೆ ಸಹಾಯ ಮಾಡಿದ ಕಡೆ ಮಕ್ಕಳು ಆ ವರ್ಷ ಕಡಿಮೆ ಕಲಿತಿದ್ದರು, ಅವರಿಗೂ ಭಯ ಜಾಸ್ತಿಯಾಗಿತ್ತು. ಭಯವಿದ್ದರೂ ಅಷ್ಟಾಗಿ ಸಹಾಯಕ್ಕೆ ಕೂರದವರ ಮಕ್ಕಳಲ್ಲಿ ಹಾಗೆ ಕಾಣಲಿಲ್ಲ. ಹಾಗಂತ ದೂರವೇ ಉಳಿಯಿರಿ ಎಂದಲ್ಲ. ಮೊದಲು ನೀವು ಕಲಿಯಿರಿ, ದಿನಕ್ಕೆ ಇಪ್ಪತ್ತು ನಿಮಿಷ, ಮಗಳು ಎದುರಿಗಿಲ್ಲದಾಗ ಎಂದೆ.

ಮುಂದಿನ ಭೇಟಿಯಲ್ಲಿ ಕಾಗದದ ಪಟ್ಟಿ ಕತ್ತರಿಸಿಕೊಂಡು ಕೂತೆವು. 1¾ ÷ ½. ಸೂತ್ರ ಬೇಡ, ಒಂದೂಮುಕ್ಕಾಲಿನಲ್ಲಿ ಎಷ್ಟು ಅರ್ಧಗಳಿವೆ ಅಂತ ಅಳೆಯಿರಿ ಎಂದೆ. ಮೂರು ಅರ್ಧ ಕೂತವು. ಒಂದು ಕಾಲು ಉಳಿಯಿತು.

"ಮೂರೂಕಾಲು," ಎಂದರು.

ಈ ತಪ್ಪು ನನಗೆ ಬಹಳ ಇಷ್ಟ. ತಿಳಿಯಬೇಕಾದದ್ದೆಲ್ಲ ಇದರಲ್ಲೇ ಇದೆ. ಉಳಿದ ತುಂಡನ್ನು ಅಳತೆಗೆ ಬಳಸಿದ ಅರ್ಧ ಪಟ್ಟಿಯ ಮೇಲೆ ಇಡಿ ಎಂದೆ. ಇಟ್ಟರು. ಸುಮ್ನೆ ನೋಡುತ್ತಾ ಕೂತರು. ಅದು ಇಡೀ ಪಟ್ಟಿಯ ಕಾಲು ಭಾಗ ನಿಜ, ಆದರೆ ನಾವು ಅಳೆಯುತ್ತಿರುವುದು ಅರ್ಧದಿಂದ. ಆ ಅರ್ಧದಲ್ಲಿ ಅದು ಅರ್ಧ. "ಹಾಗಾದರೆ ಮೂರೂವರೆ!" ಎಂದರು. ದನಿಯೇ ಬದಲಾಗಿತ್ತು.

ಆಮೇಲೆ ತಲೆಕೆಳಗು ಮಾಡುವ ಗುಟ್ಟು ತಾನಾಗಿಯೇ ಬಿಚ್ಚಿಕೊಂಡಿತು. ಒಂದರಲ್ಲಿ ಎರಡು ಅರ್ಧ ಇವೆ, ಹಾಗಾಗಿ 1¾ರಲ್ಲಿ ಅದರ ಎರಡರಷ್ಟು. ½ರ ಬದಲು ⅔ ಇದ್ದರೆ? ಒಂದರಲ್ಲಿ ಅದು ಒಂದೂವರೆ ಸಲ ಕೂರುತ್ತದೆ. ಒಂದೂವರೆ ಅಂದರೆ 3/2. ತಲೆಕೆಳಗಾಗಿ ಸಿಗುವುದೂ ಅದೇ.

"ನಾನೂ ಗಣಿತದಲ್ಲಿ ಹಿಂದೆ" ಎಂದು ಮಗಳ ಮುಂದೆ ಹೇಳಬೇಡಿ, "ಗೊತ್ತಿಲ್ಲ, ನೋಡೋಣ" ಎನ್ನಿ ಎಂದೂ ಹೇಳಿದ್ದೆ. ಎರಡು ತಿಂಗಳಾದ ಮೇಲೆ ಇಬ್ಬರೂ ಒಟ್ಟಿಗೆ ಪಟ್ಟಿ ಕತ್ತರಿಸತೊಡಗಿದರು. ಮಗಳೂ ಮೊದಲು ಮೂರೂಕಾಲು ಎಂದಳಂತೆ. ತಾಯಿ ತಿದ್ದಲಿಲ್ಲ, ಉಳಿದ ತುಂಡನ್ನು ಅವಳ ಕೈಗೆ ಕೊಟ್ಟರು.

ಮಗ್ಗಿ ಎಂದರೆ ಅವರಿಗೆ ಈಗಲೂ ಗಾಬರಿ. 7×8 ಮರೆತರೆ 7×7ಕ್ಕೆ ಇನ್ನೊಂದು 7 ಸೇರಿಸಿ ನೋಡುವುದನ್ನು ಅಭ್ಯಾಸ ಮಾಡುತ್ತಿದ್ದೇವೆ.