ಅಳಿಸಿದ ಆ ಪೆನ್ಸಿಲ್ ಸಾಲು ವಾಪಸ್ ಬರಲಿ

ಶಿಡ್ಲಘಟ್ಟದ ಗೆಳೆಯರಿಗೆ,

ಎಲೆಕ್ಟ್ರಾನನ್ನು ರೇಷ್ಮೆಗೂಡಿಗೆ ಹೋಲಿಸಿ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಒಂದೂವರೆ ಪುಟ, 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ ಕಥೆ, ಪಠ್ಯಪುಸ್ತಕದಲ್ಲೇ ಇದೆ. ತೆಗೆಯಿರಿ. ಲೇಖನಕ್ಕೆ ಜೀವ ಬರುವುದು ನಿಮ್ಮಮ್ಮ ಕುದಿನೀರಿನಲ್ಲಿ ಗೂಡು ತಿರುವುತ್ತಾ ಎಳೆಯ ತುದಿ ಹುಡುಕುವಲ್ಲಿ. ಉತ್ತರವನ್ನು ಒಂದೇ ಸಲಕ್ಕೆ ತೆಗೆಯದೆ ಚಿಕ್ಕ ಚಿಕ್ಕ ತಿದ್ದುಪಡಿಗಳ ಸರಣಿಯಾಗಿ ಕೂಡಿಸುತ್ತಾ ಹೋಗುವ ಪರ್ಟರ್ಬೇಷನ್ ವಿಧಾನವೂ ಬಿಚ್ಚಾಣಿಕೆಯ ಹಾಗೆ ಒಂದೊಂದೇ ಎಳೆ ತೆಗೆಯುತ್ತದೆ ಎಂದಿದ್ದೀರಿ. ಚೆನ್ನಾಗಿದೆ. ಆದರೆ ಎಳೆಯೆಲ್ಲ ಬಿಚ್ಚಿದರೆ ಗೂಡಿನಲ್ಲಿ ಹುಳು ಉಳಿಯುತ್ತದೆ. ತನ್ನ ಸುತ್ತಲಿನ ವಿದ್ಯುತ್ ಕ್ಷೇತ್ರವನ್ನು ಕಳಚಿಟ್ಟ ಬರೀ ಎಲೆಕ್ಟ್ರಾನನ್ನು ಯಾರೂ ಕಂಡಿಲ್ಲ. ಹೋಲಿಕೆ ಅಲ್ಲಿ ಮುರಿಯುತ್ತದೆ ಎಂದು ಓದುಗರಿಗೆ ನೀವೇ ಹೇಳಿ.

ಭೌತವಿಜ್ಞಾನಿ ಡೈಸನ್ ವಿಷಯದಲ್ಲಿ ಎಡವಿದ್ದೀರಿ. ಈ ತಿದ್ದುಪಡಿಗಳ ಸರಣಿಯನ್ನು ಪೂರ್ತಿ ಕೂಡಿದರೆ ಅದು ಒಂದು ಮೊತ್ತಕ್ಕೆ ನಿಲ್ಲುವುದಿಲ್ಲ ಎಂದು ಅವರು 1952ರಲ್ಲಿ ವಾದಿಸಿದ್ದು ನಿಜ. ಹಾಗೆಂದು ಸಿದ್ಧಾಂತವೇ ಸುಳ್ಳಾಗುವುದಿಲ್ಲ. ಮೊದಲ ಪದಗಳು ಅದ್ಭುತವಾಗಿ ಕೆಲಸ ಮಾಡುತ್ತವೆ: ಎಲೆಕ್ಟ್ರಾನಿನ ಕಾಂತತ್ವಕ್ಕೆ 1948ರಲ್ಲಿ ಶ್ವಿಂಗರ್ ತೆಗೆದ ಮೊದಲ ತಿದ್ದುಪಡಿಯೇ ಸುಮಾರು 0.00116, ಪ್ರಯೋಗಕ್ಕೆ ಅಷ್ಟು ಹತ್ತಿರ. ಎಳೆ ಎಳೆ ಕೂಡಿಸಿ ಇಡೀ ಎಲೆಕ್ಟ್ರಾನನ್ನು ಕಟ್ಟಲಾಗದು, ಬೇರೆ ದಾರಿ ಬೇಕು ಎನ್ನುವುದಷ್ಟೇ ಅದರ ಅರ್ಥ.

ಇನ್ನು ನನ್ನ ದೊಡ್ಡ ತಕರಾರು. ಭೌತವಿಜ್ಞಾನಿ ಕಾಸಿಮಿರ್ 1953ರಲ್ಲಿ ಎಲೆಕ್ಟ್ರಾನನ್ನು ವಿದ್ಯುದಾವೇಶದ ಟೊಳ್ಳು ಗೋಳವೆಂದು ಊಹಿಸಿದರು. ಆವೇಶ ತನ್ನನ್ನೇ ತಾನು ಹೊರಕ್ಕೆ ತಳ್ಳಿ ಗೋಳ ಸಿಡಿಯಬೇಕು. ನಿರ್ವಾತದ ಸೆಳೆತ, ಅಂದರೆ ಖಾಲಿ ಜಾಗದಲ್ಲೂ ಇರುವ ಕ್ಷೇತ್ರದ ಏರಿಳಿತದಿಂದ ಹುಟ್ಟುವ ಬಲ, ಅದನ್ನು ಒಳಕ್ಕೆ ಹಿಡಿದಿಟ್ಟೀತು ಎಂಬುದು ಅವರ ಆಸೆ. ಎರಡೂ ಬಲಗಳು ತ್ರಿಜ್ಯದ ಜೊತೆ ಒಂದೇ ರೀತಿ ಬದಲಾಗುವುದರಿಂದ ತ್ರಿಜ್ಯ ಲೆಕ್ಕದಿಂದಲೇ ಜಾರಿಹೋಗುತ್ತದೆ. ಹಾಗಾದರೆ ಎಲೆಕ್ಟ್ರಾನಿನ ಆವೇಶ ಎಷ್ಟು ಪ್ರಬಲ ಎಂದು ಹೇಳುವ, ಸುಮಾರು 1/137 ಎಂಬ ಸಂಖ್ಯೆ ತಾನಾಗಿ ಹೊರಬರಬೇಕಿತ್ತು! ಎಂಥಾ ಆಸೆ ಅದು. ನೀವು ಅಲ್ಲಿಗೇ ನಿಲ್ಲಿಸಿ, ಆ ಸಂಖ್ಯೆಯ ಒಗಟು ಬಿಡಿಸಿಯಾಯಿತು ಎಂದುಬಿಟ್ಟಿದ್ದೀರಿ.

ಆದರೆ ನಿಮ್ಮ ಹಸ್ತಪ್ರತಿಯ ಐದನೇ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದು ಅಳಿಸಿದ ಸಾಲೊಂದಿದೆ. ಬೆಳಕಿಗೆ ಹಿಡಿದರೆ ಕಾಣುತ್ತದೆ: ‘68, ಬೋಯರ್, ಚಿಹ್ನೆ ಉಲ್ಟಾ’. ಹೌದು, ಭೌತವಿಜ್ಞಾನಿ ಬೋಯರ್ 1968ರಲ್ಲಿ ಲೆಕ್ಕ ಹಾಕಿದಾಗ ಎರಡು ಲೋಹದ ತಟ್ಟೆಗಳನ್ನು ಹತ್ತಿರಕ್ಕೆ ಸೆಳೆಯುವ ಅದೇ ನಿರ್ವಾತದ ಬಲ ಗೋಳದಲ್ಲಿ ಹೊರಕ್ಕೆ ತಳ್ಳುತ್ತಿತ್ತು. ಮಾದರಿ ಬಿದ್ದುಹೋಯಿತು. ಗೊತ್ತಿದ್ದೂ ಯಾಕೆ ಅಳಿಸಿದಿರಿ? ನನಗೆ ಬೇಕಾದದ್ದು ಅದೇ. ಹದಿನೈದು ವರ್ಷ ನಿಂತಿದ್ದ ಊಹೆ ಒಂದು ಚಿಹ್ನೆಗೆ ಕುಸಿದದ್ದನ್ನು ನಿಧಾನವಾಗಿ, ಎರಡು ಪುಟ ಬರೆಯಿರಿ.

ಅಮ್ಮನ ಕೈಯ ಸಾಲುಗಳನ್ನು ಮಾತ್ರ ಮುಟ್ಟಬೇಡಿ. ಯುಗಾದಿಯೊಳಗೆ ತುಮಕೂರಿನ ವಿಳಾಸಕ್ಕೆ ಕಳಿಸಿ, ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ