ಆಪರೇಷನ್ ಆಗಿ ಐದು ತಿಂಗಳು, ಕಿರುಬೆರಳು ಇನ್ನೂ ಎಚ್ಚರಾಗಿಲ್ಲ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ಕೆಲಸ ನನ್ನದು. ವಯಸ್ಸು 43. ಎರಡು ವರ್ಷದಿಂದ ಬಲಗೈಯ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿಯುತ್ತಿದ್ದವು. ಕತ್ತರಿ ಹಿಡಿದರೆ ಜಾರುತ್ತಿತ್ತು. ಮೊಣಕೈಯಲ್ಲಿ ನರ ಒತ್ತಿಕೊಂಡಿದೆ ಎಂದು ಐದು ತಿಂಗಳ ಹಿಂದೆ ಆಪರೇಷನ್ ಮಾಡಿದರು. ಗಾಯ ಒಣಗಿದೆ. ಆದರೆ ಬೆರಳಿಗೆ ಇನ್ನೂ ಮುಟ್ಟಿದ್ದು ಗೊತ್ತಾಗುವುದಿಲ್ಲ. ಮೊದಲು ಇರದ ಉರಿ, ಕರೆಂಟ್ ಹೊಡೆದಂಥ ನೋವು ಈಗ ಮೊಣಕೈ ಕೆಳಗೆ ಶುರುವಾಗಿದೆ. ಅಂಗಿಯ ತೋಳು ತಾಗಿದರೂ ಚುರ್ ಅನ್ನುತ್ತದೆ. ಮನೆಯಲ್ಲಿ 'ಆಪರೇಷನ್ ಆಯ್ತಲ್ಲ, ಇನ್ನೇನು ನೋವು?' ಅಂತಾರೆ. ಆಪರೇಷನ್ ಫೇಲ್ ಆಯ್ತಾ?

ಉತ್ತರ: ನಿಮ್ಮ ಹತ್ತಿರ ಟೇಪು ಇದ್ದೇ ಇರುತ್ತದೆ. ಮೊದಲು ಅದನ್ನು ತೆಗೆದುಕೊಳ್ಳಿ. ಮೊಣಕೈಯ ಒಳಬದಿಯಲ್ಲಿ ಉಬ್ಬಿರುವ ಮೂಳೆಯಿಂದ ಕಿರುಬೆರಳ ತುದಿವರೆಗೆ ಅಳೆಯಿರಿ. ನಾನೀಗ ನನ್ನ ಕೈ ಅಳೆದೆ, 16 ಇಂಚು ಬಂತು. ನಿಮ್ಮದೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ಮೊಣಕೈ ಗೋಡೆಗೆ ತಾಗಿದಾಗ ಜುಮ್ ಎಂದು ಕರೆಂಟ್ ಹೊಡೆಯುತ್ತದಲ್ಲ, ಅದೇ ನರ ನಿಮ್ಮದು ಒತ್ತಿಕೊಂಡಿದ್ದು. ಮೊಣಕೈ ಮಡಚಿದಾಗಲೆಲ್ಲ ಅದು ಎಳೆಯುತ್ತದೆ, ಅದು ಹೋಗುವ ಸಂದು ಇನ್ನಷ್ಟು ಕಿರಿದಾಗುತ್ತದೆ. ಮಷೀನಿನ ಮುಂದೆ ದಿನವಿಡೀ ಮಡಚಿದ ಕೈ, ಮೇಲಿಂದ ಟೇಬಲ್ಲಿನ ಅಂಚಿಗೆ ಊರಿದ ಮೊಣಕೈ. ಹೀಗೆ ಒತ್ತಿಕೊಂಡಾಗ ಎರಡು ರೀತಿಯ ಹಾನಿ ಆಗಬಹುದು. ನರವನ್ನು ಒಂದು ಕರೆಂಟ್ ವೈರು ಅಂದುಕೊಳ್ಳಿ. ವೈರಿನ ಮೇಲಿನ ಪ್ಲಾಸ್ಟಿಕ್ ಮಾತ್ರ ಸವೆದಿದ್ದರೆ ಒತ್ತಡ ತೆಗೆದ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಎರಡು ಮೂರು ತಿಂಗಳಲ್ಲಿ ಸುಧಾರಿಸುತ್ತದೆ. ಒಳಗಿನ ತಾಮ್ರದ ಎಳೆಗಳೇ ಸತ್ತಿದ್ದರೆ ಅವು ಒತ್ತಿಕೊಂಡ ಜಾಗದಿಂದ ಮತ್ತೆ ಹೊಸದಾಗಿ ಬೆಳೆದು ಬರಬೇಕು. ಎರಡು ವರ್ಷದ ಜೋಮು, ಜಾರುವ ಕತ್ತರಿ ಎಂದ ಮೇಲೆ ನಿಮಗೆ ಎರಡನೆಯದು ಒಂದಷ್ಟಾದರೂ ಆಗಿರುವ ಸಾಧ್ಯತೆ ಜಾಸ್ತಿ.

ನರದ ಎಳೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ತಿಂಗಳಿಗೆ ಒಂದಿಂಚು ಅಂತ ಇಟ್ಟುಕೊಳ್ಳಿ. ಮೊದಲ ಕೆಲವು ವಾರ ಅದು ಹೊರಡುವುದೇ ಇಲ್ಲ. ಈಗ ನೀವೇ ಲೆಕ್ಕ ಹಾಕಿ. ಐದು ತಿಂಗಳಿಗೆ ನಾಲ್ಕೈದು ಇಂಚು. ಅಂದರೆ ಮೊಣಕೈಗೂ ಮಣಿಕಟ್ಟಿಗೂ ನಡುವೆ ಎಲ್ಲೋ ಇದೆ. ನೋವು ಎಲ್ಲಿ ಶುರುವಾಗಿದೆ ಅಂತ ಬರೆದಿದ್ದೀರಿ? ಅಲ್ಲೇ ಅಲ್ವಾ?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನವೇ ಮಾನ್ವಿ, ಸಿರವಾರ ಕಡೆಯ ಕೊನೆಭಾಗದ ಗದ್ದೆಗೆ ನೀರು ಮುಟ್ಟುವುದಿಲ್ಲ. ಆಪರೇಷನ್ ಮಾಡಿದ್ದು ಗೇಟು ಎತ್ತುವ ಕೆಲಸ. ನಿಮ್ಮ ಕಿರುಬೆರಳು ಕೊನೆಭಾಗದ ರೈತ.

ಹೊಸದಾಗಿ ಬೆಳೆಯುವ ಎಳೆಯ ತುದಿಗೆ ಮೇಲ್ಹೊದಿಕೆ ಸರಿಯಾಗಿ ಬಂದಿರುವುದಿಲ್ಲ. ಯಾರೂ ಮುಟ್ಟದಿದ್ದರೂ ಅದು ಸುಮ್ನೆ ಸಂದೇಶ ಕಳಿಸುತ್ತದೆ. ಅದೇ ಉರಿ, ಅದೇ ಕರೆಂಟು. ಜೊತೆಗೆ ಮೊಣಕೈಯ ಗಾಯದ ಹತ್ತಿರ ಚರ್ಮಕ್ಕೆ ಹೋಗುವ ಸಣ್ಣ ನರವೊಂದು ಹಾಯುತ್ತದೆ. ಆಪರೇಷನ್‌ನಲ್ಲಿ ಅದಕ್ಕೆ ಪೆಟ್ಟು ಬಿದ್ದಿದ್ದರೂ ಬಟ್ಟೆ ತಾಗಿದರೆ ಚುರ್ ಅನ್ನುತ್ತದೆ. ಇದು ಬೇಸರ ತರಿಸುವಂಥದ್ದೇ. ಆದರೆ ಇದನ್ನು ನೋಡಿ ಆಪರೇಷನ್ ಫೇಲ್ ಎನ್ನಲಾಗದು.

ಎಳೆ ಎಲ್ಲಿಗೆ ಬಂದಿದೆ ಎಂದು ನೋಡುವ ಒಂದು ಉಪಾಯವಿದೆ. ಮಣಿಕಟ್ಟಿನ ಕಿರುಬೆರಳ ಬದಿಯಿಂದ ಮೊಣಕೈ ಕಡೆಗೆ ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಒಂದು ಜಾಗದಲ್ಲಿ ತಟ್ಟಿದಾಗ ಕಿರುಬೆರಳಿಗೆ ಜುಮ್ ಎನ್ನುತ್ತದೆ. ಅಲ್ಲಿ ನಿಮ್ಮ ಹೊಲಿಗೆ ಚಾಕ್‌ನಿಂದ ಗೆರೆ ಎಳೆದು, ಮೊಣಕೈಯಿಂದ ಎಷ್ಟು ಇಂಚು ಎಂದು ಬರೆದಿಡಿ. ಮುಂದಿನ ತಿಂಗಳು ಅದೇ ತಾರೀಖಿಗೆ ಮತ್ತೊಮ್ಮೆ ನೋಡಿ. ಗೆರೆ ಬೆರಳಿನ ಕಡೆ ಸರಿಯುತ್ತಿದ್ದರೆ ನರ ನಡೆಯುತ್ತಿದೆ. ತಿಂಗಳಿಗೆ ಒಂದೇ ಸಲ ನೋಡಿ, ದಿನಾ ತಟ್ಟಿ ತಟ್ಟಿ ಅದನ್ನು ಕೆರಳಿಸಬೇಡಿ. 1915ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಫ್ರಾನ್ಸಿನ ಜೂಲ್ ಟಿನೆಲ್ ಮತ್ತು ಜರ್ಮನಿಯ ಪೌಲ್ ಹಾಫ್‌ಮನ್ ಇದನ್ನೇ ಬೇರೆ ಬೇರೆಯಾಗಿ ಬರೆದರು. ದೇಶಗಳು ಹೊಡೆದಾಡುತ್ತಿದ್ದವು, ಇಬ್ಬರು ಡಾಕ್ಟರರಿಗೆ ಕಂಡಿದ್ದು ಮಾತ್ರ ಒಂದೇ. ಇವತ್ತಿಗೂ ನಾವು ಮಾಡುವುದು ಅದೇ ತಟ್ಟುವ ಪರೀಕ್ಷೆ.

ಇನ್ನು ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಎಲ್ಲರಿಗೂ ಪೂರ್ತಿ ಮೊದಲಿನಂತೆ ಆಗುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಮಾಂಸ ಆಪರೇಷನ್‌ಗೆ ಮುಂಚೆಯೇ ಗುಳಿ ಬಿದ್ದಿತ್ತಾ? ಹಾಗಿದ್ದರೆ ಶಕ್ತಿ ಸ್ವಲ್ಪ ಕಡಿಮೆಯೇ ಉಳಿಯಬಹುದು. ನರ ಮುಟ್ಟದ ಸ್ನಾಯು ಒಂದು, ಒಂದೂವರೆ ವರ್ಷ ಕಾಯುತ್ತದೆ, ಆಮೇಲೆ ಸೊರಗಿ ಹೋಗುತ್ತದೆ. ಅದಕ್ಕೇ ಮೂರು ತಿಂಗಳಿಂದ ಗೆರೆ ಒಂದಿಂಚೂ ಸರಿಯದಿದ್ದರೆ, ಅಥವಾ ಹಿಡಿತ ಮೊದಲಿಗಿಂತ ಕಡಿಮೆಯಾಗುತ್ತಿದ್ದರೆ, 'ನಿಧಾನಕ್ಕೆ ಆಗುತ್ತೆ' ಎಂದು ಕೂರಬೇಡಿ. ಆಪರೇಷನ್ ಮಾಡಿದವರಿಗೆ ತೋರಿಸಿ, ನರದ ಕರೆಂಟ್ ಪರೀಕ್ಷೆ ಮತ್ತೊಮ್ಮೆ ಮಾಡಿಸಬೇಕಾ ಎಂದು ಕೇಳಿ.

ಅಲ್ಲಿಯವರೆಗೆ ಏನು ಮಾಡಬೇಕು? ರಾತ್ರಿ ಮಲಗುವಾಗ ಟವೆಲ್ಲೊಂದನ್ನು ಮೊಣಕೈಗೆ ಸಡಿಲವಾಗಿ ಸುತ್ತಿಕೊಳ್ಳಿ. ನಿದ್ದೆಯಲ್ಲಿ ಕೈ ಪೂರ್ತಿ ಮಡಚುವುದು ತಪ್ಪುತ್ತದೆ. ಮಷೀನಿನ ಟೇಬಲ್ ಅಂಚಿಗೆ ಫೋಮ್ ಅಂಟಿಸಿ. ಅರ್ಧ ಗಂಟೆಗೊಮ್ಮೆ ಕೈ ನೀಡಿ. ಫೋನ್ ಕಿವಿಗೆ ಹಿಡಿದು ಮಾತಾಡುವ ಬದಲು ಇಯರ್‌ಫೋನ್ ಹಾಕಿಕೊಳ್ಳಿ. ನರ ಸಲೀಸಾಗಿ ಜಾರುವಂತೆ ಮಾಡುವ ವ್ಯಾಯಾಮಗಳಿವೆ, ಅವನ್ನು ಫಿಸಿಯೋಥೆರಪಿಯವರ ಎದುರಿಗೇ ಕಲಿಯಿರಿ. ವಿಡಿಯೋ ನೋಡಿ ಜೋರಾಗಿ ಎಳೆದರೆ ನೋವು ಎರಡರಷ್ಟಾಗುತ್ತದೆ. ಇಸ್ತ್ರಿ ಪೆಟ್ಟಿಗೆ, ಮಷೀನಿನ ಸೂಜಿ ಎರಡರ ಹತ್ತಿರವೂ ಹುಷಾರು. ಸ್ಪರ್ಶ ಇಲ್ಲದ ಬೆರಳು ಸುಟ್ಟರೂ ನಿಮಗೆ ವಾಸನೆ ಬಂದ ಮೇಲೆ ಗೊತ್ತಾಗುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಬೆರಳುಗಳನ್ನು ಒಮ್ಮೆ ಕಣ್ಣಲ್ಲಿ ನೋಡಿಕೊಳ್ಳಿ.

ಪೀಸ್ ಲೆಕ್ಕದ ಕೆಲಸ, ಕೂತರೆ ಕೂಲಿ ಇಲ್ಲ ಎನ್ನುವುದು ನನಗೂ ಗೊತ್ತು. ಆದರೂ ದಪ್ಪ ಡೆನಿಮ್ಮಿನ ಕಟಿಂಗ್, ಬಂಡಲ್ ಎತ್ತುವುದು ಇನ್ನೊಬ್ಬರ ಪಾಲಿಗಿರಲಿ. ಮನೆಯವರಿಗೆ ಈ ಪತ್ರಿಕೆ ಕೊಟ್ಟು, ಟೇಪು ಹಿಡಿದು ಆ ಗೆರೆ ತೋರಿಸಿ. ನರದ ನೋವು ಕಣ್ಣಿಗೆ ಕಾಣುವುದಿಲ್ಲ, ಇಂಚು ಕಾಣುತ್ತದೆ.

ಪ್ರಶ್ನೆ: ಕೊಪ್ಪಳದಲ್ಲಿ ಖಾನಾವಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತೇನೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಂಡು ಏಳು ವಾರದ ಹಿಂದೆ ಆಪರೇಷನ್ ಆಯಿತು. ರಾತ್ರಿ ಕೈ ಝಾಡಿಸುತ್ತಾ ಏಳುವುದು ನಿಂತಿದೆ. ಆದರೆ ಹಿಟ್ಟು ನಾದಲು ಹೋದರೆ ಅಂಗೈ ಬುಡದಲ್ಲಿ ಜೀವ ಹೋದಂಗಾಗುತ್ತದೆ. ರೊಟ್ಟಿ ಬಡಿಯಲು ಯಾವಾಗ ಆಗುತ್ತದೆ?

ಉತ್ತರ: ಅಕ್ಕಾ, ರಾತ್ರಿ ಎಚ್ಚರಾಗುವುದು ನಿಂತಿತು ಎಂದಿರಲ್ಲ, ನರಕ್ಕೆ ಬೇಕಾಗಿದ್ದು ಸಿಕ್ಕಿದೆ. ಈಗಿನ ನೋವು ನರದ್ದಲ್ಲ. ಮಣಿಕಟ್ಟಿನ ಮುಂದೆ, ಅಂಗೈ ಬುಡದಲ್ಲಿ ಎರಡು ದಿಬ್ಬಗಳಿವೆ, ಹೆಬ್ಬೆರಳ ಕಡೆ ಒಂದು, ಕಿರುಬೆರಳ ಕಡೆ ಒಂದು. ಅವೆರಡಕ್ಕೂ ಕಟ್ಟಿದ ಗಟ್ಟಿ ಪಟ್ಟಿಯನ್ನೇ ಆಪರೇಷನ್‌ನಲ್ಲಿ ಕೊಯ್ದಿರುತ್ತಾರೆ. ಅದು ಹೊಸದಾಗಿ ಕೂಡಿಕೊಳ್ಳುವವರೆಗೆ ಆ ದಿಬ್ಬಗಳ ಮೇಲೆ ಭಾರ ಬಿದ್ದರೆ ನೋಯುತ್ತದೆ. ಬಹಳ ಜನರಿಗೆ ಮೂರರಿಂದ ಆರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ.

ತೊಂದರೆ ಏನೆಂದರೆ, ಜೋಳದ ಹಿಟ್ಟು ನಾದುವುದು ಸರಿಯಾಗಿ ಅದೇ ಜಾಗದಿಂದ. ಬಿಸಿನೀರು ಹಾಕಿದ ಹಿಟ್ಟನ್ನು ಅಂಗೈ ಬುಡದಿಂದ ತಿಕ್ಕಿ ತಿಕ್ಕಿ ಹದಕ್ಕೆ ತರುತ್ತೀರಿ. ಬಡಿಯುವಾಗ ಬೆರಳೂ ಸೇರಿ ಇಡೀ ಅಂಗೈ ಬೀಳುತ್ತದೆ, ನಾದುವಷ್ಟು ಕೆಟ್ಟದ್ದಲ್ಲ. ಹಾಗಾಗಿ ಮೂರು ತಿಂಗಳು ತುಂಬುವವರೆಗೆ ನಾದುವ ಕೆಲಸ ಬೇರೆಯವರಿಗೆ ಬಿಡಿ. ಹಂಚಿನ ಮೇಲೆ ತಿರುವುವುದು, ನೀರು ಸವರುವುದು ನೀವು ನೋಡಿಕೊಳ್ಳಿ, ಬೆರಳಿನ ಜೋಮು ಪೂರ್ತಿ ಹೋಗದಿದ್ದರೆ ಮಾತ್ರ ಬಿಸಿ ಹಂಚಿನಿಂದ ದೂರವೇ ಇರಿ. ಬಡಿಯುವುದನ್ನು ನಾಲ್ಕು ರೊಟ್ಟಿಯಿಂದ ಶುರು ಮಾಡಿ. ಮರುದಿನ ಬೆಳಿಗ್ಗೆಯೂ ನೋವು ಉಳಿದಿದ್ದರೆ ಅದು ಜಾಸ್ತಿಯಾಯಿತು ಎಂದು ಲೆಕ್ಕ. ಲಟ್ಟಿಸಿದರೆ ಸುಲಭ ಎಂದು ಯಾರಾದರೂ ಹೇಳಬಹುದು. ಲಟ್ಟಣಿಗೆಯೂ ಅಂಗೈ ಬುಡವನ್ನೇ ಒತ್ತುತ್ತದೆ.

ಗಾಯ ಪೂರ್ತಿ ಕೂಡಿದೆ ತಾನೆ? ಹಾಗಾದರೆ ಕೊಬ್ಬರಿ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಗಾಯದ ಗೆರೆಯ ಮೇಲೆ ಸಣ್ಣ ಸುತ್ತು ಹಾಕುತ್ತಾ ಒತ್ತಿ, ದಿನಕ್ಕೆ ಮೂರು ಸಲ, ಐದೈದು ನಿಮಿಷ. ಮುಟ್ಟಿದರೆ ಚುರ್ ಅನ್ನುವ ಚರ್ಮಕ್ಕೆ ಮುಟ್ಟುವುದನ್ನೇ ರೂಢಿ ಮಾಡಿಸಬೇಕು. ಮೊದಲು ಹತ್ತಿ ಸವರಿ. ಅದು ಸಹಿಸಿದ ಮೇಲೆ ಸೀರೆ ಸೆರಗು, ಆಮೇಲೆ ಒರಟು ಟವೆಲ್. ನಂತರ ಒಂದು ಡಬರಿಯಲ್ಲಿ ಸೋನಾ ಮಸೂರಿ ಅಕ್ಕಿ ತುಂಬಿ ಅದರೊಳಗೆ ಕೈ ಆಡಿಸಿ. ಕೊನೆಗೆ ಜೋಳ. ಜೋಳದೊಳಗೆ ಕೈ ಹುದುಗಿಸಿ ಮುಷ್ಟಿ ಕಟ್ಟಿ ಬಿಚ್ಚುವುದು ಒಳ್ಳೆ ವ್ಯಾಯಾಮವೂ ಹೌದು. ಮಣಿಕಟ್ಟಿನ ಆಪರೇಷನ್ ಆದವರಿಗೆಲ್ಲ ನಾನು ಇದನ್ನೇ ಹೇಳುತ್ತೇನೆ. ರಬ್ಬರ್ ಚೆಂಡು ಮೊದಲ ವಾರಗಳಲ್ಲೇ ಗಟ್ಟಿಯಾಗಿ ಹಿಚುಕಿ ನೋವು ಹೆಚ್ಚಿಸಿಕೊಂಡವರನ್ನು ಬಹಳ ನೋಡಿದ್ದೇನೆ.

ಒಂದು ಎಚ್ಚರಿಕೆ. ಕೈ ಊದಿ ಹೊಳೆಯುತ್ತಿದೆ, ಬಣ್ಣ ಕೆಂಪು ಅಥವಾ ನೀಲಿಗೆ ತಿರುಗಿದೆ, ಇನ್ನೊಂದು ಕೈಗಿಂತ ಬಿಸಿ ಅಥವಾ ತಣ್ಣಗಿದೆ, ಒಂದೇ ಕೈ ಬೆವರುತ್ತಿದೆ, ಬೆರಳು ಮಡಚಲು ಬರುತ್ತಿಲ್ಲ, ನೋವು ಗಾಯಕ್ಕೆ ತಾಳೆಯೇ ಇಲ್ಲದಷ್ಟಿದೆ ಎಂದರೆ ಕಾಯಬೇಡಿ. ಆ ತೊಂದರೆಗೆ ಬೇಗ ಚಿಕಿತ್ಸೆ ಶುರುವಾದಷ್ಟೂ ಒಳ್ಳೆಯದು. ಜ್ವರ, ಕೀವು ಬಂದರೆ ಅವತ್ತೇ ತೋರಿಸಬೇಕು. ಸಕ್ಕರೆ ಕಾಯಿಲೆ, ಥೈರಾಯ್ಡ್ ಪರೀಕ್ಷೆ ಮಾಡಿಸಿಲ್ಲದಿದ್ದರೆ ಮಾಡಿಸಿ. ಎರಡೂ ಈ ನರಕ್ಕೆ ಶತ್ರು.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ, ಲಿಂಗಸುಗೂರಿನವರು. ನರದ ಆಪರೇಷನ್ ಆದ ಮೇಲೆ ಪ್ರಿಗ್ಯಾಬಲಿನ್ ಮಾತ್ರೆ ಕೊಟ್ಟಿದ್ದಾರೆ. ಹಗಲೆಲ್ಲ ತೂಕಡಿಸುತ್ತಾರೆ. ನಿಲ್ಲಿಸಿ ನರಕ್ಕೆ ಶಕ್ತಿ ಬರುವ ಮಾತ್ರೆ ಕೊಡಬಹುದಾ?

ಉತ್ತರ: ಒಮ್ಮೆಲೇ ನಿಲ್ಲಿಸಬೇಡಿ. ಹಾಗೆ ಮಾಡಿದರೆ ನಿದ್ದೆಗೆಡುವುದು, ಬೆವರು, ಚಡಪಡಿಕೆ ಬರುತ್ತದೆ. ಬಿಡಬೇಕೆಂದರೂ ಕನಿಷ್ಠ ಒಂದು ವಾರ ಹಿಡಿದು ಇಳಿಸಬೇಕು, ಅದೂ ಡಾಕ್ಟರ್ ಹೇಳಿದಂತೆ. ನರದ ನೋವಿಗೆ ಮಾಮೂಲಿ ಪ್ಯಾರಾಸಿಟಮಾಲ್ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಅದಕ್ಕೇ ಈ ಜಾತಿಯ ಔಷಧಿ ಕೊಡುತ್ತಾರೆ. ಗುಣ ಗೊತ್ತಾಗಲು ಕೆಲವು ವಾರ ಬೇಕು. ತೂಕಡಿಕೆ ಜಾಸ್ತಿ ಇದ್ದರೆ ಡೋಸ್ ಕಡಿಮೆ ಮಾಡಲು ಅಥವಾ ಔಷಧಿ ಬದಲಿಸಲು ಕೇಳಿ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ, ಅಂಥವರಿಗೆ ಡೋಸ್ ಕಮ್ಮಿಯೇ ಇರಬೇಕು. ಸದ್ಯಕ್ಕೆ ಬೈಕು, ಟ್ರ್ಯಾಕ್ಟರ್ ಬೇಡ, ಕುಡಿತ ಬೇಡ. ರಾತ್ರಿ ಎದ್ದು ಹೊರಗೆ ಹೋಗುವಾಗ ಯಾರಾದರೂ ಜೊತೆಗಿರಿ.

'ಶಕ್ತಿ ಮಾತ್ರೆ' ಎನ್ನುವುದು ಸಾಮಾನ್ಯವಾಗಿ ಬಿ12. ರಕ್ತದಲ್ಲಿ ಅದು ಕಡಿಮೆ ಇದ್ದರೆ ಖಂಡಿತ ಬೇಕು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಿಂದವರಲ್ಲಿ ಕಡಿಮೆಯಾಗುತ್ತದೆ, ಹಾಲು, ಮೊಸರು, ಮೊಟ್ಟೆ, ಮಾಂಸ ಯಾವುದೂ ತಿನ್ನದವರಲ್ಲೂ ಕಡಿಮೆಯಾಗುತ್ತದೆ. ಸಾಕಷ್ಟು ಇದ್ದರೆ ಮೇಲಿಂದ ಮೇಲೆ ಕೊಟ್ಟು ಲಾಭವಿಲ್ಲ. ಹಲವು ಮಾತ್ರೆಗಳಲ್ಲಿ ಬಿ6 ಕೂಡ ಬೆರೆಸಿರುತ್ತಾರೆ. ಅದನ್ನು ದೊಡ್ಡ ಪ್ರಮಾಣದಲ್ಲಿ ಬಹಳ ದಿನ ತಿಂದರೆ ಅದೇ ನರಕ್ಕೆ ಹಾನಿ ಮಾಡುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಸ್ಟ್ರಿಪ್ಪುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ತಂದೆಯವರು ಗುಟ್ಕಾ, ಬೀಡಿ ಮುಟ್ಟುತ್ತಿದ್ದರೆ ಅದನ್ನೂ ಹೇಳಿ, ನಾಚಿಕೊಂಡು ಬಿಡಬೇಡಿ.